ಮೊದಲ ವೇಳಾಪಟ್ಟಿ ತೋರಿಸಿ ಅಂದಾಗ

"ಸಮಯಕ್ಕೆ ಸರಿಯಾಗಿ ಮುಗಿಯಿತು, ಬಜೆಟ್ ಒಳಗೇ ಮುಗಿಯಿತು, ಒಂದೂ ಅಪಘಾತ ಇಲ್ಲ." ದೊಡ್ಡ ಎಂಜಿನಿಯರಿಂಗ್ ಕಾಮಗಾರಿಗಳ ನಿರ್ವಹಣೆಗೆ ಕೊಡುವ ಪ್ರಶಸ್ತಿಗೆ ಬರುವ ಅರ್ಜಿಗಳನ್ನು ಓದಿ ನೋಡಿ. ಹೆಚ್ಚುಕಡಿಮೆ ಎಲ್ಲವೂ ಹೀಗೇ ಶುರುವಾಗುತ್ತವೆ. ಓದುವಾಗ ಖುಷಿಯಾಗುತ್ತದೆ, ಆಮೇಲೆ ಅನುಮಾನ ಬರುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಬೆಂಟ್ ಫ್ಲ್ಯುಬ್ಯೋರ್ಗ್ ಎಂಬುವರು 16,000ಕ್ಕೂ ಹೆಚ್ಚು ಯೋಜನೆಗಳ ಮಾಹಿತಿ ಕಲೆಹಾಕಿ ಲೆಕ್ಕ ಹಾಕಿದ್ದಾರೆ. ಹೇಳಿದ ದುಡ್ಡಿನಲ್ಲಿ, ಹೇಳಿದ ಸಮಯಕ್ಕೆ ಮುಗಿದವು ನೂರಕ್ಕೆ 8.5 ಮಾತ್ರ. ಹೇಳಿದ ಪ್ರಯೋಜನವನ್ನೂ ಕೊಟ್ಟವು ಎಷ್ಟು ಅಂತ ನೋಡಿದರೆ ನೂರಕ್ಕೆ 0.5. ಹಾಗಾದರೆ ಆ 0.5 ಪೂರ್ತಿ ನಮ್ಮ ಮೇಜಿನ ಮೇಲೇ ಬಂದು ಕೂತಿದೆಯಾ?

ನಾನು ಇಂಥದೊಂದು ಪ್ರಶಸ್ತಿಗೆ ಮೌಲ್ಯಮಾಪಕನಾಗಿ ಹೋಗುತ್ತೇನೆ. ನನ್ನ ಕಸುಬು ಪ್ಲಾನಿಂಗ್ ಮತ್ತು ಕಾಂಟ್ರಾಕ್ಟ್. ಅಂತಿಮ ಸುತ್ತಿಗೆ ಬಂದ ಯೋಜನೆಗಳ ಜಾಗಕ್ಕೇ ಹೋಗಿ ಕಡತ ನೋಡಬೇಕು, ಜನರನ್ನು ಮಾತಾಡಿಸಬೇಕು, ಅಂಕ ಕೊಡಬೇಕು. ಅವತ್ತು ನೋಡಿದ್ದು ಒಂದು ಉದ್ದನೆಯ ಸೇತುವೆ. ನಮ್ಮ ತಂಡದಲ್ಲಿ ನಿವೃತ್ತ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು, ಹಣಕಾಸಿನ ಕಡೆಯಿಂದ ಬಂದ ಮೇಡಂ ಒಬ್ಬರು, ಮತ್ತೆ ನಾನು.

ಬೆಳಗ್ಗೆಯೆಲ್ಲ ಪ್ರೆಸೆಂಟೇಶನ್‌ನಲ್ಲಿ ಕಳೆಯಿತು. ಡ್ರೋನ್ ವಿಡಿಯೋ, ಹಿನ್ನೆಲೆ ಸಂಗೀತ, ಎಷ್ಟು ಸಾವಿರ ಟನ್ ಸ್ಟೀಲ್, ಎಷ್ಟು ಘನ ಮೀಟರ್ ಕಾಂಕ್ರೀಟ್. ಇದರಲ್ಲಿ ನಿರ್ವಹಣೆಯ ಬಗ್ಗೆ ಗೊತ್ತಾಗುವುದು ಕಡಿಮೆ. ಸೇತುವೆ ದೊಡ್ಡದು ಅಂತ ಗೊತ್ತಾಗುತ್ತದೆ, ಅದು ಕಣ್ಣಿಗೇ ಕಾಣುತ್ತಿತ್ತು.

ವಿಡಿಯೋ ಮುಗಿದ ಮೇಲೆ ನಾನು ಮೊದಲ ಬೇಸ್‌ಲೈನ್ ವೇಳಾಪಟ್ಟಿ, ಅಂದರೆ ಕೆಲಸ ಶುರುವಾಗುವಾಗ ಒಪ್ಪಿಕೊಂಡಿದ್ದ ಮೂಲ ವೇಳಾಪಟ್ಟಿ ಕೇಳಿದೆ. ಇದು ನಾನು ಎಲ್ಲ ಕಡೆ ಕೇಳುವ ಪ್ರಶ್ನೆ. ಯಾಕೆ ಅಂದರೆ ದೊಡ್ಡ ಕಾಮಗಾರಿಯಲ್ಲಿ ವೇಳಾಪಟ್ಟಿ ಒಂದೇ ಇರುವುದಿಲ್ಲ. ಜಮೀನು ತಡವಾಗಿ ಸಿಕ್ಕಿತು, ವಿನ್ಯಾಸ ಬದಲಾಯಿತು, ಪ್ರವಾಹ ಬಂತು ಅಂತ ಅದನ್ನು ಆಗಾಗ ಪರಿಷ್ಕರಿಸುತ್ತಾರೆ. ಅದು ತಪ್ಪಲ್ಲ, ಎಷ್ಟೋ ಸಲ ಅಗತ್ಯವೇ. ಆದರೆ ಐದನೇ ಪರಿಷ್ಕರಣೆಗೆ ಹೋಲಿಸಿ "ಸಮಯಕ್ಕೆ ಮುಗಿಸಿದೆವು" ಅನ್ನುವುದಿದೆಯಲ್ಲ, ಅದು ಪರೀಕ್ಷೆ ಮುಗಿದ ಮೇಲೆ ಪಾಸ್ ಮಾರ್ಕು ಇಳಿಸಿದ ಹಾಗೆ. ಸ್ವಲ್ಪ ದಿನ ಮೊದಲು ನೋಡಿದ್ದ ಇನ್ನೊಂದು ಯೋಜನೆಯಲ್ಲಿ ಮೊದಲ ವೇಳಾಪಟ್ಟಿ ಯಾರ ಕಂಪ್ಯೂಟರ್‌ನಲ್ಲಿದೆ ಅಂತಲೂ ಯಾರಿಗೂ ಗೊತ್ತಿರಲಿಲ್ಲ. ಅವರು ಮಾತ್ರ ಸಮಯಕ್ಕೆ ಮುಗಿಸಿದ್ದರು!

ಇಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದ ಹುಡುಗಿ ನನ್ನನ್ನು ಸೈಟ್ ಆಫೀಸಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಗೋಡೆ ಮೇಲೆ ಮೊದಲ ಬೇಸ್‌ಲೈನ್‌ನ ಪ್ರಿಂಟ್ ಇತ್ತು, ಬಣ್ಣ ಮಾಸಿತ್ತು. ಅದರ ಕೆಳಗೆ ಪ್ರತಿ ಪರಿಷ್ಕರಣೆ, ಪಕ್ಕದಲ್ಲಿ ಕಾರಣ, ಯಾರು ಒಪ್ಪಿದರು, ಯಾವ ತಾರೀಖು.

"ಹಳೇದನ್ನ ಯಾಕಮ್ಮ ಇಟ್ಟಿದ್ದೀರಿ?" ಅಂದೆ.

"ತೆಗೆದುಬಿಟ್ರೆ ಎಲ್ಲಿ ತಡ ಆಯ್ತು ಅಂತ ನಮಗೇ ಮರೆತುಹೋಗುತ್ತೆ ಸರ್."

ಆ ಗೋಡೆ ಪ್ರಕಾರ ಸೇತುವೆ ನಾಲ್ಕು ತಿಂಗಳು ತಡ. ಅರ್ಜಿಯಲ್ಲೂ ಹಾಗೇ ಬರೆದಿದ್ದರು. ತಡವಾಗಿದೆ ಅಂತ ಬರೆದು ಪ್ರಶಸ್ತಿ ಕೇಳಿದವರನ್ನು ನಾನು ನೋಡಿರಲಿಲ್ಲ.

ಆ ನಾಲ್ಕು ತಿಂಗಳಲ್ಲಿ ಒಂದು ದೊಡ್ಡ ಪಾಲು ಹೋಗಿದ್ದು ಬೇರಿಂಗ್ ಪೆಡೆಸ್ಟಲ್‌ಗಳಿಗೆ. ಕಂಬದ ತಲೆ ಮೇಲೆ, ಬೇರಿಂಗ್ (ಕಂಬಕ್ಕೂ ಸೇತುವೆಯ ತೊಲೆಗೂ ನಡುವೆ ಇಡುವ ಆಧಾರ) ಕೂರುವ ಚಿಕ್ಕ ಕಾಂಕ್ರೀಟ್ ಪೀಠಗಳು ಇವು. ನೋಡಲು ಏನೂ ಅಲ್ಲ, ಆದರೆ ಗರ್ಡರ್‌ನ, ಅಂದರೆ ಆ ಉದ್ದನೆಯ ತೊಲೆಯ, ಭಾರ ಪೂರ್ತಿ ಇವುಗಳ ಮೂಲಕವೇ ಕಂಬಕ್ಕೆ ಇಳಿಯಬೇಕು. ಹಾಕಿದ ಕಾಂಕ್ರೀಟಿನಿಂದಲೇ ಘನಾಕಾರದ ತುಂಡು ಮಾಡಿಟ್ಟು, 28 ದಿನದ ಮೇಲೆ ಒತ್ತಿ ಬಲ ನೋಡುವುದಕ್ಕೆ ಕ್ಯೂಬ್ ಟೆಸ್ಟ್ ಅನ್ನುತ್ತಾರೆ; ಕೆಲವು ಪೀಠಗಳ ಟೆಸ್ಟ್‌ನಲ್ಲಿ ಬಲ ಕಡಿಮೆ ಬಂತು. ಕ್ವಾಲಿಟಿ ವಿಭಾಗದ ಕಿರಿಯ ಎಂಜಿನಿಯರ್ ಒಬ್ಬ ಅದನ್ನು ಬರೆದಿಟ್ಟ. ಕ್ಯೂಬ್‌ನಲ್ಲೇ ದೋಷ ಇರಬಹುದು, ಎಷ್ಟೋ ಸಲ ಇರುತ್ತದೆ ಕೂಡ. ಪೀಠವನ್ನೇ ಕೊರೆದು ಕೋರ್ ಎಂಬ ಕಾಂಕ್ರೀಟ್ ತುಂಡು ತೆಗೆದು ಪರೀಕ್ಷೆ ಮಾಡಿಸಿದರು, ಅದೂ ಕಡಿಮೆ ಬಂತು. ಅಷ್ಟೊತ್ತಿಗೆ ಗರ್ಡರ್ ಏರಿಸುವ ಲಾಂಚರ್ ಬಂದು ನಿಂತಿತ್ತು. ಅದು ಸುಮ್ನೆ ನಿಂತರೂ ಬಾಡಿಗೆ ಓಡುತ್ತದೆ. ಉದ್ಘಾಟನೆ ಯಾವಾಗ ಅಂತ ಮೇಲಿನಿಂದ ದಿನಾ ಫೋನ್. ಪ್ರಾಜೆಕ್ಟ್ ಮ್ಯಾನೇಜರ್ ಲಾಂಚಿಂಗ್ ನಿಲ್ಲಿಸಿ, ಪೀಠಗಳನ್ನು ಒಡೆಸಿ, ಮತ್ತೆ ಹಾಕಿಸಿದರು. ಆ ವಾರಗಳ ಸಭೆಯ ನಡಾವಳಿಗಳನ್ನು ಒಂದೊಂದಾಗಿ ಓದಿದೆ. ಎಲ್ಲೂ ವೀರಾವೇಶದ ಮಾತಿಲ್ಲ. ಇಷ್ಟು ಪೀಠ ಒಡೆದಾಯಿತು, ಇಷ್ಟು ಬಾಕಿ, ಲಾಂಚರ್ ಬಾಡಿಗೆ ಯಾರ ತಲೆಗೆ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಅಷ್ಟೇ.

ಊಟವಾದ ಮೇಲೆ ನಮ್ಮ ಹಿರಿಯರು, ಅಂದರೆ ಆ ನಿವೃತ್ತ ಎಂಜಿನಿಯರ್, ನಿಯರ್ ಮಿಸ್ ರಿಜಿಸ್ಟರ್ ಹಿಡಿದು ಕೂತರು. ಅಪಘಾತ ಆಗಬಹುದಿತ್ತು, ಆಗಲಿಲ್ಲ ಅನ್ನುವ ಘಟನೆಗಳನ್ನು ಬರೆಯುವ ಪುಸ್ತಕ ಇದು. ಮೇಲಿನಿಂದ ಸ್ಪ್ಯಾನರ್ ಬಿತ್ತು, ಯಾರೂ ಇರಲಿಲ್ಲ. ಕ್ರೇನಿನ ಕಾಲು ಮೆದು ಮಣ್ಣಲ್ಲಿ ಕುಸಿಯಿತು. ಭಾರ ಎತ್ತಲು ಕಟ್ಟುವ ಸ್ಲಿಂಗ್‌ನ ಎಳೆಗಳು ಕಿತ್ತಿದ್ದವು. ಪುಟಗಟ್ಟಲೆ ಇತ್ತು, ತಿಂಗಳು ಕಳೆದ ಹಾಗೆ ಇನ್ನೂ ಜಾಸ್ತಿಯಾಗಿತ್ತು. ಹಣಕಾಸಿನ ಮೇಡಂಗೆ ಗಾಬರಿ. ಹಿರಿಯರು ನಕ್ಕರು. "ಆ ಇನ್ನೊಂದು ಯೋಜನೆಯ ಪುಸ್ತಕ ನೋಡಿದಿರಲ್ಲ ಮೇಡಂ, ಬಹುತೇಕ ಖಾಲಿ. ಅಷ್ಟು ಎತ್ತರದಲ್ಲಿ ಅಷ್ಟು ಜನ ಕೆಲಸ ಮಾಡುವಾಗ ಏನೂ ಬೀಳಲೇ ಇಲ್ಲವಾ? ಅಲ್ಲಿ ಬರೆಯೋಕೆ ಜನ ಹೆದರುತ್ತಿದ್ದರು, ಇಲ್ಲಿ ಬರೆಯುತ್ತಾರೆ."

ಅದೇ ಮಾತಿಗೆ ಅವರು ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯ ಬಲೆಯ ವಿಷಯ ತೆಗೆದರು. 1930ರ ದಶಕದಲ್ಲಿ ಆ ಸೇತುವೆ ಕಟ್ಟುವಾಗ ಕೆಳಗೆ ದೊಡ್ಡ ಬಲೆ ಕಟ್ಟಿದ್ದರು, ಅದರಲ್ಲಿ ಬಿದ್ದು 19 ಜನ ಬದುಕಿಕೊಂಡರು. ಆದರೂ 1937ರ ಫೆಬ್ರವರಿಯಲ್ಲಿ ಒಂದು ಅಟ್ಟಣಿಗೆ ಕಳಚಿ ಬಲೆಯನ್ನೇ ಹರಿದುಕೊಂಡು ಬಿತ್ತು, ಒಂದೇ ಸಲಕ್ಕೆ 10 ಜನ ಸತ್ತರು. ಸಾವಿನ ಲೆಕ್ಕ ಎಲ್ಲರೂ ಇಡುತ್ತಾರೆ. ಆ 19ರಂಥದ್ದನ್ನು ಎಣಿಸಲು ಪ್ರಶಸ್ತಿಯ ಫಾರಂನಲ್ಲಿ ಜಾಗ ಎಲ್ಲಿದೆ ಅನ್ನುವುದು ಅವರ ತಕರಾರು.

ಸಂಜೆ ವಾಪಸ್ ಬರುವಾಗ ಗಾಡಿಯಲ್ಲಿ ದೊಡ್ಡ ವಾದವಾಯಿತು. ಮೇಡಂ ಹೇಳಿದ್ದು ನೇರ. ನಾಲ್ಕು ತಿಂಗಳು ತಡ, ಖರ್ಚೂ ಮೀರಿದೆ, ಇದಕ್ಕೆ ಉತ್ತಮ ನಿರ್ವಹಣೆ ಅಂತ ಕೊಟ್ಟರೆ ನಿಜವಾಗಿ ಸಮಯಕ್ಕೆ ಮುಗಿಸಿದವರಿಗೆ ಏನು ಹೇಳುತ್ತೀರಿ? ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ಪ್ರಶ್ನೆ ಸರಿಯಾಗಿಯೇ ಇತ್ತು. ಹಿರಿಯರು ಸಿಡ್ನಿ ಒಪೆರಾ ಹೌಸ್ ಎತ್ತಿಕೊಂಡರು. ಮೊದಲ ಅಂದಾಜು 70 ಲಕ್ಷ ಡಾಲರ್, ಮುಗಿದಾಗ 10.2 ಕೋಟಿ. 1963ಕ್ಕೆ ಮುಗಿಯಬೇಕಿದ್ದದ್ದು 1973ಕ್ಕೆ ಮುಗಿಯಿತು. ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ 1966ರಲ್ಲೇ ಬಿಟ್ಟು ಹೋಗಿದ್ದರು. ಈಗ ಅದು ವಿಶ್ವ ಪರಂಪರೆಯ ತಾಣ. "ಕಟ್ಟಡಕ್ಕೆ ಬೇಕಾದರೆ ಎಲ್ಲ ಪ್ರಶಸ್ತಿ ಕೊಡಿ. ನಿರ್ವಹಣೆಗೆ ಕೊಡ್ತೀರಾ?" ಅಂದರು. ಕೊಡಲ್ಲ ಅಂದರು ಮೇಡಂ. ನಾನು ಕೂಡ ಕೊಡಲ್ಲ. ವಿನ್ಯಾಸದ ನಕ್ಷೆ ಪೂರ್ತಿಯಾಗುವ ಮೊದಲೇ ಕೆಲಸ ಶುರು ಮಾಡಿದ್ದು ಅಲ್ಲಿನ ತೊಂದರೆಗೆ ದೊಡ್ಡ ಕಾರಣ, ಕಟ್ಟಡ ಎಷ್ಟು ಚೆಂದವಿದ್ದರೂ ಅದು ಅಳಿಸಿಹೋಗುವುದಿಲ್ಲ. ಹಾಗೆಯೇ ನಮ್ಮ ಸೇತುವೆಯ ತಡಕ್ಕೆ ಏನು ಕಾರಣ ಅಂತಲೂ ನೋಡಬೇಕಲ್ವಾ?

ಅಂತರರಾಷ್ಟ್ರೀಯ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಂಘವಾದ ಐಪಿಎಂಎ ಯೋಜನೆಗಳನ್ನು ಅಳೆಯಲು ಬಳಸುವ ಮಾದರಿಯಲ್ಲಿ ಮೂರು ಭಾಗಗಳಿವೆ. ಜನ ಮತ್ತು ಉದ್ದೇಶ ಒಂದು, ಪ್ರಕ್ರಿಯೆ ಮತ್ತು ಸಂಪನ್ಮೂಲ ಒಂದು, ಫಲಿತಾಂಶ ಕೊನೆಯದು. ನನಗೆ ಇದು ಇಷ್ಟ. ಫಲಿತಾಂಶ ಮಾತ್ರ ನೋಡಿದರೆ ಅದೃಷ್ಟಕ್ಕೂ ಅಂಕ ಹೋಗುತ್ತದೆ. ಮೇಡಂ ಕೊನೆಗೂ ಪೂರ್ತಿ ಒಪ್ಪಲಿಲ್ಲ. ಖರ್ಚಿನ ಕಡೆ ಅಂಕ ಕತ್ತರಿಸಿಯೇ ಸಹಿ ಹಾಕಿದರು. ಸೇತುವೆಗೆ ಎರಡನೇ ಸ್ಥಾನ ಬಂತು. ಮೊದಲ ಸ್ಥಾನ ಹೋಗಿದ್ದು ಬೇರೆ ತಂಡ ನೋಡಿದ ಯೋಜನೆಗೆ. ಅದರ ಕಡತ ನಾನು ಓದಿಲ್ಲ, ಹಾಗಾಗಿ ಆ ಬಗ್ಗೆ ಮಾತಾಡಲ್ಲ.

ಅವತ್ತು ಹೊರಡುವ ಮುಂಚೆ ಪ್ರಾಜೆಕ್ಟ್ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ. ಕ್ಯೂಬ್ ಟೆಸ್ಟ್ ಬರೆದಿಟ್ಟ ಆ ಹುಡುಗನ ಹೆಸರನ್ನು ಎಲ್ಲಾದರೂ ಸೇರಿಸೋಕಾಗುತ್ತಾ? ಫಾರಂನಲ್ಲಿ ಇದ್ದದ್ದು ಒಬ್ಬರ ಹೆಸರಿಗೆ ಮಾತ್ರ ಜಾಗ. ಇದು ಹಳೇ ರೋಗ. ಅದೇ ಗೋಲ್ಡನ್ ಗೇಟ್‌ನ ವಿನ್ಯಾಸದ ಲೆಕ್ಕಾಚಾರದಲ್ಲಿ ದೊಡ್ಡ ಪಾಲು ಮಾಡಿದವರು ಚಾರ್ಲ್ಸ್ ಎಲಿಸ್ ಎಂಬ ಎಂಜಿನಿಯರ್. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ 1931ರಲ್ಲಿ ಎಲಿಸ್ ಅವರನ್ನು ಕೆಲಸದಿಂದ ಬಿಡಿಸಿದರು. 1937ರಲ್ಲಿ ಸೇತುವೆ ತೆರೆದಾಗ ಎಲಿಸ್ ಹೆಸರು ಎಲ್ಲೂ ಇರಲಿಲ್ಲ. ಸೇತುವೆಯ ಆಡಳಿತ ಅವರ ಪಾಲನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2007ರಲ್ಲಿ, ಅಷ್ಟೊತ್ತಿಗೆ ಎಲಿಸ್ ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

ನಾವು ಮೂವರೂ ಸೇರಿ ಪ್ರಶಸ್ತಿ ಕೊಡುವ ಸಂಘಕ್ಕೆ ಒಂದು ಪತ್ರ ಬರೆದೆವು. ಅದರಿಂದ ಈ ಸಲದ ಫಾರಂನಲ್ಲಿ ಎರಡು ಬದಲಾವಣೆ ಆಗಿವೆ. ಮೊದಲ ಬೇಸ್‌ಲೈನ್ ಲಗತ್ತಿಸಬೇಕು, ಮತ್ತು ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದ ಇತರರ ಹೆಸರುಗಳನ್ನು, ಅವರು ಮಾಡಿದ್ದೇನು ಅನ್ನುವುದರ ಸಮೇತ ಕೊಡಬೇಕು. ಬೇಸ್‌ಲೈನ್ ಕಡ್ಡಾಯವೇ ಅಂತ ಕೇಳಿ ಆಗಲೇ ಫೋನ್‌ಗಳು ಬರುತ್ತಿವೆ. ಹೆಸರುಗಳ ಬಗ್ಗೆ ಇನ್ನೂ ಯಾರೂ ಕೇಳಿಲ್ಲ.