ಮುಚ್ಚಳ ತೆಗೆದರೆ ಮೀನಿನ ವಾಸನೆ

ಇವತ್ತು ಲ್ಯಾಬಿನಲ್ಲಿ ಹಳೇ ಡಿಎಂಎಫ್ (ಡೈಮಿಥೈಲ್ ಫಾರ್ಮಮೈಡ್ ಎಂಬ ದ್ರಾವಕ) ಬಾಟಲಿಯ ಮುಚ್ಚಳ ತೆಗೆದೆ. ಹೊಗೆ, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ತೆಗೆದಿದ್ದು, ಆದರೂ ಮೀನಿನ ವಾಸನೆ ಮೂಗಿಗೆ ಬಡಿಯಿತು. ಶುದ್ಧ ಡಿಎಂಎಫ್‌ಗೆ ಹೆಚ್ಚುಕಮ್ಮಿ ವಾಸನೆಯೇ ಇಲ್ಲ. ಮೀನಿನ ವಾಸನೆ ಬಂತು ಅಂದ್ರೆ ಒಳಗೆ ಡೈಮಿಥೈಲ್ ಅಮೀನ್ ಸೇರಿದೆ ಅಂತಲೇ ಲೆಕ್ಕ.

ಈ ದ್ರಾವಕ ಕುದಿಯುವುದು 153 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಮಾಷೆ ಏನಂದ್ರೆ, ಕುದಿಯುವ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತಲೂ ಇರುತ್ತದೆ. ಒಂದು ಅಣು ಮುರಿದು ಎರಡು: ಡೈಮಿಥೈಲ್ ಅಮೀನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಜೊತೆಗೆ ಆಸಿಡ್ ಅಥವಾ ಬೇಸ್ ಇದ್ದರಂತೂ ಇನ್ನೂ ಜಾಸ್ತಿ. ಕಾಸ್ಟಿಕ್ ಪೊಟ್ಯಾಶ್ ಎಂಬ ಬೇಸ್‌ನ ಹರಳು ಹಾಕಿಟ್ಟರೆ ಬಿಸಿ ಮಾಡುವುದೇ ಬೇಡ, ಕೋಣೆಯ ತಾಪಕ್ಕೇ ಒಡೆಯಲು ಶುರು. ಹೊಸತರಲ್ಲಿ ನಾನು ನೀರಿನಂಶ ಹೋಗಲಿ ಅಂತ ಅದನ್ನೇ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆ! ಮರುದಿನ ಅದನ್ನು ಬಳಸಿದರೆ, ನನ್ನ ಪ್ರಯೋಗಕ್ಕೆ ಬೇಕಿದ್ದ ಆಸಿಡ್ ಕ್ಲೋರೈಡನ್ನು ಈ ಅಮೀನೇ ತಿಂದು ಹಾಕಿ ಅಮೈಡ್ ಎಂಬ ಬೇಡದ ಸಂಯುಕ್ತ ಕೈಗಿಟ್ಟಿತು. ಎರಡು ದಿನದ ಕೆಲಸ ಸುಮ್ನೆ ಹೋಯ್ತು.

ವ್ಯಾಕ್ಯೂಮ್ ಕೊಟ್ಟು ಬಟ್ಟಿ ಇಳಿಸಿ ಅಂತ ಹಿರಿಯರು ಹೇಳುವುದು ಇದಕ್ಕೇ. ಒತ್ತಡ ಇಳಿದರೆ ಕಡಿಮೆ ಬಿಸಿಗೇ ಕುದಿಯುತ್ತದೆ, ಅಷ್ಟು ಒಡೆಯುವುದೂ ಇಲ್ಲ.

ನನ್ನನ್ನು ಕಾಡುವುದು ಆ ಇನ್ನೊಂದು ತುಂಡು. ಅಮೀನ್ ಪಾಪ, ನಾರುತ್ತಾ ತಾನು ಬಂದಿದ್ದನ್ನು ಹೇಳಿಬಿಡುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಾವು ಬೈಯುವುದು ಮಾತ್ರ ನಾರುವುದನ್ನು, ಅಲ್ವಾ?

ಬಾಟಲಿಯನ್ನು ವೇಸ್ಟ್ ಕ್ಯಾನಿಗೆ ಖಾಲಿ ಮಾಡಿದೆ. ಹೊಸದರ ಮೇಲೆ ತೆರೆದ ತಾರೀಕು ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ.