ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ನಾರ್ಮಲ್ಲಂತೆ, ಸರಿ
ರಿಪೋರ್ಟ್ ನಾರ್ಮಲ್, ನಾನಲ್ವಲ್ಲ! ಸುಸ್ತು, ಮಂಕು, ತೂಕ ಏರೋದು, ಯಾವ್ದೂ ಬೇಡ ಅನ್ಸೋದು, ಇವೆಲ್ಲ ಹೈಪೋಥೈರಾಯ್ಡಲ್ಲೂ (ಥೈರಾಯ್ಡ್ ಹಾರ್ಮೋನ್ ಕಮ್ಮಿ ಆಗೋದು) ಇರತ್ತೆ ಡಿಪ್ರೆಶನ್ನಲ್ಲೂ ಇರತ್ತೆ, ಅದಕ್ಕೇ ಥೈರಾಯ್ಡ್ ಡಾಕ್ಟ್ರು ಮನಸ್ಸಿನ ಡಾಕ್ಟ್ರ ಹತ್ರ ಹೋಗಿ ಅಂತಾರೆ, ಅವ್ರು ಮೊದ್ಲು ಥೈರಾಯ್ಡ್ ನೋಡಿಸ್ಕೊಂಡು ಬನ್ನಿ ಅಂತಾರೆ, ನಡುವೆ ಫೈಲ್ ಹಿಡ್ಕೊಂಡು ಓಡಾಡೋಳು ನಾನು. ಈ ಸಲದ ಸೈಕಿಯಾಟ್ರಿಸ್ಟ್ ಮಾತ್ರ ಎರಡೂ ಚೀಟಿ ಪಕ್ಕಪಕ್ಕ ಇಟ್ಕೊಂಡು ಪೂರ್ತಿ ಓದಿದ್ರು (ಅಷ್ಟಕ್ಕೇ ಅಳು ಬಂತು, ಏನ್ ಹೇಳೋದು). ಡಿಪ್ರೆಶನ್ ಮಾತ್ರೆ ಸರ್ಟ್ರಲೀನ್ ತಗೊಂಡ್ರೆ ಕೆಲವ್ರಿಗೆ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ಡೋಸ್ ಜಾಸ್ತಿ ಬೇಕಾಗ್ಬಹುದಂತೆ, ಅದಕ್ಕೆ 6-8 ವಾರ ಬಿಟ್ಟು ಮತ್ತೆ ಟಿಎಸ್‌ಎಚ್. ಸರ್ಟ್ರಲೀನ್ ಕೆಲಸ ಮಾಡೋಕೂ ಕೆಲವು ವಾರ ಬೇಕಂತೆ, ನಾಳೆನೇ ನಗ್ತೀಯ ಅಂತ ಯಾರೂ ಕಾಯ್ಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಥೈರಾಕ್ಸಿನ್ ಒಂದು, ರಾತ್ರಿ ಸರ್ಟ್ರಲೀನ್ ಒಂದು. ಕೌನ್ಸೆಲಿಂಗೂ ಹೇಳಿದಾರೆ, ಮುಂದಿನ ವಾರ ಹೋಗ್ಬೇಕು.