ಹೊಸ ಉಬುಂಟುವಿನಲ್ಲಿ ಅಪ್ಪನ ಗಮಕದ ವಿಡಿಯೊ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಾಗ ನನ್ನ ಲ್ಯಾಪ್‌ಟಾಪನ್ನು ಏನು ಮಾಡುವುದೆಂಬ ಪ್ರಶ್ನೆ ಎದುರಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಆ ಯಂತ್ರದಲ್ಲಿರುವುದು ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್; ವಿಂಡೋಸ್ 11 ಕೇಳುವುದು ಎಂಟನೆಯ ತಲೆಮಾರು ಅಥವಾ ಅದರ ನಂತರದ್ದನ್ನು. ಕೀಬೋರ್ಡ್, ಪರದೆ, ಬ್ಯಾಟರಿ ಎಲ್ಲವೂ ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ವಿಂಡೋಸ್‌ನ ಬದಲಿಗೆ ಬಳಸಬಹುದಾದ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ 24.04 ಆವೃತ್ತಿಯ ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು, ಒಂದು ಭಾನುವಾರ ಮಧ್ಯಾಹ್ನ ಹನುಮಂತನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಅದನ್ನು ಅಳವಡಿಸಲು ಕುಳಿತೆ.

ಅಳವಡಿಕೆಯ ನಡುವೆ ಒಂದು ಪರದೆಯಲ್ಲಿ ಟಿಕ್ ಹಾಕಬೇಕಾದ ಎರಡು ಚೌಕಗಳು ಬರುತ್ತವೆ. ಮೊದಲನೆಯದು ಗ್ರಾಫಿಕ್ಸ್ ಮತ್ತು ವೈ-ಫೈ ಯಂತ್ರಾಂಶಕ್ಕೆ ಬೇಕಾದ ತಂತ್ರಾಂಶ. ಎರಡನೆಯದು ಹೆಚ್ಚುವರಿ ಮೀಡಿಯಾ ಫಾರ್ಮ್ಯಾಟ್‌ಗಳಿಗೆ ಬೆಂಬಲ. ಬೆಳಗಿನ ಮಳೆಗೆ ನಮ್ಮ ಬೀದಿಯ ಇಂಟರ್‌ನೆಟ್ ಕೇಬಲ್ ಕೈಕೊಟ್ಟಿತ್ತು, ಆ ಎರಡನೆಯ ಚೌಕಕ್ಕೆ ನೆಟ್ ಬೇಕು. ಆಮೇಲೆ ನೋಡಿಕೊಂಡರಾಯಿತೆಂದು ಎರಡನ್ನೂ ಬಿಟ್ಟು ಮುಂದುವರಿದೆ. ಹೊಸದಾಗಿ ಲಿನಕ್ಸ್‌ಗೆ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ನೆಟ್ ಇರುವ ಹೊತ್ತಿನಲ್ಲಿ ಅಳವಡಿಸಿ, ಎರಡನೆಯ ಚೌಕಕ್ಕೆ ಟಿಕ್ ಹಾಕಿ. ಮುಂದೆ ಬರೆದಿರುವ ಶ್ರಮದ ಬಹುಪಾಲು ಅಲ್ಲೇ ತಪ್ಪುತ್ತದೆ.

ಸಂಜೆಯ ಹೊತ್ತಿಗೆ ಉಬುಂಟು ಸಿದ್ಧವಾಗಿತ್ತು. ನನ್ನ ಅಪ್ಪ ಗಮಕಿಗಳು, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವವರು. ಹಿಂದೆ ಕ್ಯಾಸೆಟ್ಟಿನಲ್ಲಿದ್ದ ಅವರ ವಾಚನವನ್ನು ನನ್ನ ತಮ್ಮ ಎಂಪಿ3 ಮಾಡಿಸಿಟ್ಟಿದ್ದಾನೆ, ಈಚೆಗೆ ಎನ್.ಆರ್. ಕಾಲೊನಿಯಲ್ಲಿ ನಡೆದ ಒಂದು ವಾಚನವನ್ನು ತಮ್ಮನ ಮಗ ತನ್ನ ಐಫೋನಿನಲ್ಲಿ ವಿಡಿಯೊ ಮಾಡಿದ್ದಾನೆ. ಹೊಸ ವ್ಯವಸ್ಥೆಯಲ್ಲಿ ನಾನು ಮೊದಲು ತೆರೆದದ್ದು ಇವೆರಡನ್ನೇ. ಹಳೆಯ ಕ್ಯಾಸೆಟ್ಟಿನ ಎಂಪಿ3 ಒಂದೇ ಕ್ಲಿಕ್ಕಿಗೆ ಹಾಡಿತು. ಹೊಸ ವಿಡಿಯೊ ಮಾತ್ರ ಕಪ್ಪು ಪರದೆ ತೋರಿಸಿ, ಈ ಕಡತಕ್ಕೆ ಎಚ್.265 ಡಿಕೋಡರ್ ಮತ್ತು ಎಂಪೆಗ್-4 ಎಎಸಿ ಡಿಕೋಡರ್ (ಕುಗ್ಗಿಸಿದ ಚಿತ್ರ, ಧ್ವನಿಗಳನ್ನು ಬಿಡಿಸುವ ತಂತ್ರಾಂಶಗಳು) ಬೇಕು, ಅವು ಇಲ್ಲಿ ಇಲ್ಲ ಎಂದು ತಿಳಿಸಿ ಸುಮ್ಮನಾಯಿತು. ತಮ್ಮನ ಮಗನಿಗೆ ಫೋನ್ ಮಾಡಿದರೆ, "ಅತ್ತೆ, ನನ್ನ ಫೋನಲ್ಲಿ ಚೆನ್ನಾಗೇ ಬರ್ತಿದೆ, ನಿಮ್ಮ ಲ್ಯಾಪ್‌ಟಾಪ್ ಹಳೇದಾಯ್ತು ಅನ್ಸತ್ತೆ" ಎಂದ. ಹಳೆಯದು ಹೌದು, ಆದರೆ ಆ ಕ್ಷಣದ ಅಡ್ಡಿಗೆ ಯಂತ್ರದ ವಯಸ್ಸು ಕಾರಣವಾಗಿರಲಿಲ್ಲ.

ಮೂವತ್ತು ವರ್ಷದ ಹಿಂದಿನ ಧ್ವನಿ ಹಾಡುತ್ತದೆ, ಮೊನ್ನೆಯ ವಿಡಿಯೊ ಓಡುವುದಿಲ್ಲ ಎಂಬ ಈ ವಿಚಿತ್ರದ ಹಿಂದೆ ಇರುವುದು ಪೇಟೆಂಟ್. ಎಂಪಿ3 ತಂತ್ರಕ್ಕೆ ಪರವಾನಗಿ ನೀಡುತ್ತಿದ್ದ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ಆ ವ್ಯವಸ್ಥೆಯನ್ನು ನಿಲ್ಲಿಸಿತು, ಏಕೆಂದರೆ ಪೇಟೆಂಟ್‌ಗಳ ಅವಧಿ ತೀರಿತ್ತು. ಅದಾದ ಮೇಲೆ ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ಎಂಪಿ3 ಬೆಂಬಲವನ್ನು ಯಾವ ಅಳುಕೂ ಇಲ್ಲದೆ ಮೊದಲಿನಿಂದಲೇ ಸೇರಿಸಿ ಕೊಡತೊಡಗಿದವು. ಎಚ್.265, ಅಂದರೆ ಎಚ್‌ಇವಿಸಿ, 2013ರಲ್ಲಿ ಬಂದದ್ದು. ಅದರ ಪೇಟೆಂಟ್‌ಗಳು ಇನ್ನೂ ಜೀವಂತವಾಗಿವೆ, ಅವುಗಳ ಶುಲ್ಕ ಕೇಳುವ ಒಕ್ಕೂಟಗಳೂ ಒಂದಕ್ಕಿಂತ ಹೆಚ್ಚು. ಯಾರಿಗೂ ಹಣ ಕೇಳದೆ ಹಂಚುವ ತಂತ್ರಾಂಶದಲ್ಲಿ ಪ್ರತಿ ನಕಲಿಗೂ ಶುಲ್ಕ ಕಟ್ಟುವ ಲೆಕ್ಕ ಹೊಂದುವುದಿಲ್ಲ. ಆದ್ದರಿಂದ ಅದನ್ನು ಬಿಡಿಸಿ ತೋರಿಸುವ ಸಾಮರ್ಥ್ಯ ಲಿನಕ್ಸ್‌ಗೆ ಎಂದೋ ಇದ್ದರೂ ವಿತರಕರು ಅದನ್ನು ಬೇರೆ ಇಟ್ಟು, ಬೇಕೆಂದವರು ತಾವೇ ಹಾಕಿಕೊಳ್ಳಲಿ ಎಂದು ಬಿಡುತ್ತಾರೆ. ಇದನ್ನು ಲಿನಕ್ಸ್‌ನ ಕೊರತೆ ಎಂದು ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ಬಿಡಿಸಲಾರದ ಫಾರ್ಮ್ಯಾಟ್‌ಗಳು ಬಹಳ ಕಡಿಮೆ. ವಿಎಲ್‌ಸಿ ಸೇರಿದಂತೆ ನಾವು ದಿನವೂ ಬಳಸುವ ಎಷ್ಟೋ ಪ್ಲೇಯರ್‌ಗಳ ಒಳಗೆ ದುಡಿಯುತ್ತಿರುವುದು ಅದೇ.

ಅದೇ ಸಂಜೆ ಬ್ರೌಸರಿನಲ್ಲಿ ಯೂಟ್ಯೂಬ್ ಸರಾಗವಾಗಿ ಓಡುತ್ತಿತ್ತು. ಹೊಸಬರಿಗೆ ಇದು ಇನ್ನಷ್ಟು ಗೊಂದಲ ಉಂಟುಮಾಡುತ್ತದೆ. ಯೂಟ್ಯೂಬ್ ಹೆಚ್ಚಾಗಿ ಕಳಿಸುವುದು ಶುಲ್ಕವಿಲ್ಲದ ವಿಪಿ9 ಮತ್ತು ಎವಿ1 ಫಾರ್ಮ್ಯಾಟ್‌ಗಳನ್ನು, ಫೈರ್‌ಫಾಕ್ಸ್ ಅವನ್ನು ಬಿಡಿಸುವ ಸಾಧನವನ್ನು ತನ್ನೊಂದಿಗೇ ತರುತ್ತದೆ. ಬ್ರೌಸರಿನಲ್ಲಿ ವಿಡಿಯೊ ಬಂದಿತೆಂದರೆ ಡೆಸ್ಕ್‌ಟಾಪಿನಲ್ಲಿ ಕೊಡೆಕ್, ಅಂದರೆ ದೃಶ್ಯ-ಧ್ವನಿಯನ್ನು ಕುಗ್ಗಿಸುವ, ಬಿಡಿಸುವ ತಂತ್ರಾಂಶ, ಇದೆ ಎಂದು ಅರ್ಥವಲ್ಲ.

ಕೊಡೆಕ್ ಎಂದರೇನು ಎಂದು ಅಪ್ಪ ಕೇಳಿದಾಗ ನಾನು ಅಡುಗೆಮನೆಯ ಕಡೆ ಕೈ ತೋರಿಸಿದೆ. ನಮ್ಮ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯೊಳಗೆ ಸಾರಿನ ಪುಡಿ ಇದೆ, ಅದರ ಪಕ್ಕದ ಅಂಥದೇ ಬಾಟಲಿಯಲ್ಲಿ ಮೆಂತ್ಯ. ಎಂಪಿ4, ಎಂಕೆವಿ, ಎಂಒವಿ ಎಂಬ ಬಾಲಗಳು ಬಾಟಲಿಯ ಹೆಸರುಗಳಷ್ಟೇ. ಒಳಗಿರುವ ದೃಶ್ಯವನ್ನು ಎಚ್.264, ಎಚ್.265, ವಿಪಿ9, ಎವಿ1 ಇವುಗಳಲ್ಲಿ ಯಾವುದರಲ್ಲಿ ಕುಗ್ಗಿಸಲಾಗಿದೆ, ಧ್ವನಿಯನ್ನು ಎಎಸಿ, ಎಂಪಿ3, ಓಪಸ್ ಇವುಗಳಲ್ಲಿ ಯಾವುದರಲ್ಲಿ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದಲೇ ಒಂದು ಎಂಪಿ4 ಓಡಿ ಇನ್ನೊಂದು ಎಂಪಿ4 ಓಡದಿರುವುದು, ಧ್ವನಿ ಬಂದು ಚಿತ್ರ ಬಾರದಿರುವುದು. ಎಫ್‌ಎಫ್‌ಎಂಪೆಗ್ ಪ್ಯಾಕೇಜಿನೊಂದಿಗೆ ಬರುವ ಎಫ್‌ಎಫ್‌ಪ್ರೋಬ್ ಎಂಬ ಆದೇಶಕ್ಕೆ ಕಡತದ ಹೆಸರು ಕೊಟ್ಟರೆ ಒಳಗಿನದನ್ನು ಒಂದೆರಡು ಸಾಲಿನಲ್ಲಿ ಹೇಳಿಬಿಡುತ್ತದೆ. ವಿಎಲ್‌ಸಿ ಇದ್ದರೆ ಕಂಟ್ರೋಲ್ ಜೊತೆ ಜೆ ಒತ್ತಿದರೂ ಸಾಕು. ಏನನ್ನಾದರೂ ಅಳವಡಿಸುವ ಮೊದಲು ಇದನ್ನು ನೋಡುವುದು ಒಳ್ಳೆಯ ಅಭ್ಯಾಸವೆಂದು ನಾನು ಅನುಭವದಿಂದ ಕಲಿತೆ, ಏಕೆಂದರೆ ಮೊದಲ ದಿನ ನಾನು ಹಾಗೆ ಮಾಡಲಿಲ್ಲ.

ನೆಟ್ ಮರಳಿದ ರಾತ್ರಿ ನಾನು ಮಾಡಿದ ತಪ್ಪು, ಎಂದೋ ಯಾವುದೋ ಹಳೆಯ ಆವೃತ್ತಿಗಾಗಿ ಬರೆದ ಆರು ಆದೇಶಗಳನ್ನು ಒಂದೊಂದಾಗಿ ಟರ್ಮಿನಲ್ಲಿಗೆ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಗೆ, ಅಂಟಿಸಿದ್ದು. ಮೂರು ಆದೇಶಗಳಿಗೆ ಅಂಥ ಪ್ಯಾಕೇಜೇ ಇಲ್ಲ ಎಂಬ ಉತ್ತರ ಬಂತು. ಒಂದು ಆದೇಶ ನನಗೆ ಪರಿಚಯವಿಲ್ಲದ ಹೊರಗಿನ ತಂತ್ರಾಂಶ ಭಂಡಾರವೊಂದನ್ನು ಸೇರಿಸಿತು, ಮರುದಿನದಿಂದ ಪ್ರತಿ ಅಪ್‌ಡೇಟಿನಲ್ಲೂ ಅದು ದೋಷ ತೋರಿಸತೊಡಗಿತು. ಅದನ್ನು ತೆಗೆದುಹಾಕಲು ಅರ್ಧ ದಿನ ಹೋಯಿತು. ಉಬುಂಟುವಿನಲ್ಲಿ ಅದಾವುದೂ ಬೇಕಿರಲಿಲ್ಲ. ಬೇಕಿದ್ದದ್ದು ಎರಡೇ ಸಾಲು, ಎರಡನ್ನೂ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು: ಮೊದಲು "ಸುಡೊ ಆಪ್ಟ್ ಅಪ್‌ಡೇಟ್", ಆಮೇಲೆ "ಸುಡೊ ಆಪ್ಟ್ ಇನ್‌ಸ್ಟಾಲ್ ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್". ಮೊದಲ ಸಾಲನ್ನು ಬಿಟ್ಟರೆ, ನೆಟ್ ಇಲ್ಲದೆ ಅಳವಡಿಸಿದ ನನ್ನಂಥವರ ಯಂತ್ರದಲ್ಲಿ ಪ್ಯಾಕೇಜಿನ ಪಟ್ಟಿಯೇ ಪೂರ್ತಿ ಇರುವುದಿಲ್ಲ. ಪಾಸ್‌ವರ್ಡ್ ಕೇಳುವಾಗ ಪರದೆಯ ಮೇಲೆ ಚುಕ್ಕಿಯಾಗಲಿ ನಕ್ಷತ್ರವಾಗಲಿ ಮೂಡುವುದಿಲ್ಲ. ಟೈಪ್ ಆಗುತ್ತಲೇ ಇರುತ್ತದೆ, ಮುಗಿಸಿ ಎಂಟರ್ ಒತ್ತಬೇಕು.

ಈ ಪ್ಯಾಕೇಜು ತಾನೇ ಕೊಡೆಕ್ ಅಲ್ಲ, ಹಲವು ಪ್ಯಾಕೇಜುಗಳನ್ನು ಒಟ್ಟಿಗೆ ಕರೆತರುವ ಒಂದು ಕಟ್ಟು. ಉಬುಂಟುವಿನ ವಿಡಿಯೊ ಪ್ಲೇಯರ್ ನಿಂತಿರುವ ಜಿಸ್ಟ್ರೀಮರ್ ವ್ಯವಸ್ಥೆಯಲ್ಲಿ ಪ್ಲಗಿನ್‌ಗಳನ್ನು, ಅಂದರೆ ಬೇಕೆಂದಾಗ ಸೇರಿಸುವ ಭಾಗಗಳನ್ನು, ಗುಡ್, ಬ್ಯಾಡ್, ಅಗ್ಲಿ ಎಂದು ವಿಂಗಡಿಸಿದ್ದಾರೆ. ಹೆಸರು ನೋಡಿ ಹೆದರಬೇಕಾಗಿಲ್ಲ: ಬ್ಯಾಡ್ ಎಂದರೆ ಪರಿಶೀಲನೆ ಇನ್ನೂ ಸಾಲದು ಎಂದು ಅವರೇ ಗುರುತಿಸಿದವು, ಅಗ್ಲಿ ಎಂದರೆ ಗುಣಮಟ್ಟ ಚೆನ್ನಾಗಿದ್ದರೂ ಹಂಚುವುದರಲ್ಲಿ ಕಾನೂನಿನ ತೊಡಕು ಬರಬಹುದಾದವು. ಇವಲ್ಲದೆ ಎಫ್‌ಎಫ್‌ಎಂಪೆಗ್‌ನ ಶಕ್ತಿಯನ್ನು ಜಿಸ್ಟ್ರೀಮರ್‌ಗೆ ತಂದುಕೊಡುವ ಲಿಬ್‌ಎವಿ ಎಂಬ ಪ್ಲಗಿನ್ ಇದೆ. ನಮ್ಮ ಮನೆಯ ವಿಡಿಯೊಗೆ ಬೇಕಾದ ಎಚ್.265 ಬಂದದ್ದು ಅದರಿಂದ.

ಈ ಕಟ್ಟಿನೊಂದಿಗೆ ಮೈಕ್ರೋಸಾಫ್ಟ್‌ನ ಏರಿಯಲ್, ಟೈಮ್ಸ್ ನ್ಯೂ ರೋಮನ್ ಮೊದಲಾದ ಫಾಂಟ್‌ಗಳನ್ನು ತರುವ ಪ್ಯಾಕೇಜೂ ಬರುತ್ತದೆ. ನಾನು ಹೆಚ್ಚು ಕಾಲ ಸಿಕ್ಕಿಬಿದ್ದದ್ದು ಅಲ್ಲಿಯೇ, ಹೊಸಬರೆಲ್ಲರೂ ಸಿಕ್ಕಿಬೀಳುವುದೂ ಅಲ್ಲಿಯೇ. ಸಾಲುಸಾಲಾಗಿ ಓಡುತ್ತಿದ್ದ ಅಕ್ಷರಗಳು ಇದ್ದಕ್ಕಿದ್ದಂತೆ ನಿಂತು, ಟರ್ಮಿನಲ್ ತುಂಬ ಬಣ್ಣದ ಹಿನ್ನೆಲೆಯ ಮೇಲೆ ಬೂದು ಪೆಟ್ಟಿಗೆಯೊಂದು ಮೂಡಿ, ಅದರಲ್ಲಿ ಉದ್ದನೆಯ ಪರವಾನಗಿ ಒಪ್ಪಂದ ಕಾಣಿಸುತ್ತದೆ. ಕೆಳಗೆ ಓಕೆ ಎಂದಿದೆ. ಅದರ ಮೇಲೆ ಮೌಸಿನಿಂದ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ, ಏಕೆಂದರೆ ಆ ಪೆಟ್ಟಿಗೆ ಕೀಬೋರ್ಡಿನ ಮಾತನ್ನಷ್ಟೇ ಕೇಳುತ್ತದೆ. ಟ್ಯಾಬ್ ಕೀ ಒತ್ತಿ. ಓಕೆ ಎಂಬುದಕ್ಕೆ ಬಣ್ಣ ಬರುತ್ತದೆ. ಆಗ ಎಂಟರ್ ಒತ್ತಿ. ಮುಂದಿನ ಪರದೆ ಒಪ್ಪುತ್ತೀರಾ ಎಂದು ಕೇಳುತ್ತದೆ. ಅಲ್ಲಿಯೂ ಟ್ಯಾಬ್‌ನಿಂದ ಯೆಸ್ ಮೇಲೆ ಹೋಗಿ ಎಂಟರ್ ಒತ್ತಬೇಕು.

ನನಗೆ ಇದು ಗೊತ್ತಿರಲಿಲ್ಲ. ಹತ್ತು ನಿಮಿಷ ಕಾದು, ಯಂತ್ರ ಹ್ಯಾಂಗ್ ಆಗಿದೆಯೆಂದು ಭಾವಿಸಿ ಕಿಟಕಿಯನ್ನೇ ಮುಚ್ಚಿಬಿಟ್ಟೆ. ಆಮೇಲೆ ಯಾವ ಪ್ಯಾಕೇಜ್ ಹಾಕಲು ಹೋದರೂ, ಹಿಂದಿನ ಕೆಲಸ ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಿ ಬನ್ನಿ ಎಂಬ ಸಂದೇಶ. ಎಲ್ಲವನ್ನೂ ಅಳಿಸಿ ಉಬುಂಟುವನ್ನು ಮೊದಲಿನಿಂದ ಹಾಕಬೇಕೇನೋ ಎಂದು ಎದೆ ಹೊಡೆದುಕೊಂಡಿತು. ಆದರೆ ಪರಿಹಾರ ಆ ಸಂದೇಶದಲ್ಲಿಯೇ ಅಚ್ಚಾಗಿತ್ತು: "ಸುಡೊ ಡಿಪಿಕೆಜಿ --ಕಾನ್‌ಫಿಗರ್ -ಎ" ಎಂಬ ಸಾಲನ್ನು ಕೊಟ್ಟ ಕೂಡಲೇ ಅದೇ ಪೆಟ್ಟಿಗೆ ಮತ್ತೆ ತೆರೆಯಿತು, ಈ ಸಲ ಟ್ಯಾಬ್ ಒತ್ತಿ ದಾಟಿದೆ. ಲಿನಕ್ಸ್‌ನ ದೋಷ ಸಂದೇಶಗಳನ್ನು ಕೊನೆಯ ಸಾಲಿನವರೆಗೆ ಓದಬೇಕು. ಮಾಡಬೇಕಾದದ್ದು ಬಹಳ ಸಲ ಅಲ್ಲಿಯೇ ಇರುತ್ತದೆ.

ಇಷ್ಟೆಲ್ಲ ಯಾಕೆ, ವಿಎಲ್‌ಸಿ ಹಾಕಿಕೊಂಡರೆ ಮುಗಿಯಿತಲ್ಲ ಎಂದು ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಕೇಳಿದರು. ನೋಡುವುದಷ್ಟೇ ಉದ್ದೇಶವಾದರೆ ಅವರ ಮಾತು ಸರಿ. ಆದರೆ ಜಿಸ್ಟ್ರೀಮರ್‌ಗೆ ಕೊಡೆಕ್ ಸಿಗದಿದ್ದರೆ ಫೋಲ್ಡರಿನಲ್ಲಿ ವಿಡಿಯೊಗಳ ಚಿಕ್ಕ ಚಿತ್ರಗಳು ಮೂಡುವುದಿಲ್ಲ, ಅದನ್ನು ನಂಬಿದ ಬೇರೆ ತಂತ್ರಾಂಶಗಳೂ ಕಡತವನ್ನು ತೆರೆಯುವುದಿಲ್ಲ. ಕೊಡೆಕ್ ಹಾಕಿದ ಮೇಲೂ ಹಳೆಯ ವಿಡಿಯೊಗಳ ಚಿಕ್ಕ ಚಿತ್ರಗಳು ಬರಲಿಲ್ಲವೆಂದರೆ, ಮುಂಚೆ ವಿಫಲವಾದ ಗುರುತುಗಳನ್ನು ವ್ಯವಸ್ಥೆ ಉಳಿಸಿಕೊಂಡಿದೆ ಎಂದರ್ಥ. ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕ್ಯಾಶ್ ಫೋಲ್ಡರಿನೊಳಗೆ ಥಂಬ್‌ನೇಲ್ಸ್, ಅದರೊಳಗೆ ಫೇಲ್ ಎಂಬುದನ್ನು ಅಳಿಸಿದರೆ ಅವು ಹೊಸದಾಗಿ ಮೂಡುತ್ತವೆ.

ಬೇರೆ ವಿತರಣೆ ಬಳಸುವವರಿಗೆ ದಾರಿ ಬೇರೆ. ಲಿನಕ್ಸ್ ಮಿಂಟ್‌ನಲ್ಲಿ ಅಳವಡಿಸುವಾಗಲೇ ಮಲ್ಟಿಮೀಡಿಯಾ ಕೊಡೆಕ್‌ಗಳ ಚೌಕ ಇದೆ. ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ಎಂಬ ಭಂಡಾರವನ್ನು ಸೇರಿಸಿ, ಮೊದಲೇ ಇರುವ ಮಿತವಾದ ಎಫ್‌ಎಫ್‌ಎಂಪೆಗ್‌ನ ಜಾಗಕ್ಕೆ ಅಲ್ಲಿನ ಪೂರ್ಣ ರೂಪವನ್ನು ತರಬೇಕು. ಡಿವಿಡಿ ನೋಡುವವರಿಗೆ ಒಂದು ಮಾತು: ಮದುವೆಯ ಫೋಟೋಗ್ರಾಫರ್ ಮಾಡಿಕೊಟ್ಟ ಡಿವಿಡಿಗಳಿಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ, ಅವು ಹಾಗೆಯೇ ಓಡುತ್ತವೆ, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಿಗಷ್ಟೇ ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ರತ್ಯೇಕ ಪ್ಯಾಕೇಜು ಬೇಕು.

ಕೊಡೆಕ್ ಬಂದಿತು, ಅಪ್ಪನ ವಿಡಿಯೊ ತೆರೆಯಿತು, ಆದರೆ ಚಿತ್ರ ತಡೆತಡೆದು ಓಡುತ್ತಿತ್ತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು, ತುಟಿಯ ಚಲನೆಗೂ ಧ್ವನಿಗೂ ಹೊಂದಿಕೆ ತಪ್ಪಿತ್ತು. ಈ ಸಲ ಆದೇಶಗಳನ್ನು ಹುಡುಕುವ ಬದಲು ಎಫ್‌ಎಫ್‌ಪ್ರೋಬ್‌ನಿಂದ ಒಳಗೆ ನೋಡಿದೆ: ಎಚ್‌ಇವಿಸಿ, ಮೇನ್ 10, 3840 ಗುಣಿಸು 2160. ಅಂದರೆ 10 ಬಿಟ್ ಬಣ್ಣದ 4ಕೆ ವಿಡಿಯೊ. ಆಮೇಲೆ ವಿಎಇನ್ಫೊ ಎಂಬ ಸಣ್ಣ ಉಪಕರಣವನ್ನು ಹಾಕಿ ನನ್ನ ಗ್ರಾಫಿಕ್ಸ್ ಚಿಪ್ ಏನೇನು ಬಿಡಿಸಬಲ್ಲದೆಂದು ಕೇಳಿದೆ. ಪಟ್ಟಿಯಲ್ಲಿ ಎಚ್‌ಇವಿಸಿ ಮೇನ್ ಇತ್ತು, ಮೇನ್ 10 ಇರಲಿಲ್ಲ. ಇಂಟೆಲ್ ಅದನ್ನು ಸೇರಿಸಿದ್ದು ಏಳನೆಯ ತಲೆಮಾರಿನಲ್ಲಿ. ಚಿಪ್ ಮಾಡದ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಹೊರುತ್ತಿತ್ತು. ತಮ್ಮನ ಮಗ ಹೇಳಿದ ವಯಸ್ಸಿನ ಮಾತು ಇಲ್ಲಿ ನಿಜವಾಯಿತು, ಆದರೆ ಇನ್ನಷ್ಟು ಕೊಡೆಕ್ ಹಾಕಿದರೆ ಇದು ಸರಿಹೋಗುವುದಿಲ್ಲ ಎಂಬುದೂ ಗೊತ್ತಾಯಿತು.

ಮೂಲ ಕಡತವನ್ನು ಮುಟ್ಟದೆ ಬೇರೆ ಡಿಸ್ಕಿನಲ್ಲಿ ಭದ್ರವಾಗಿಟ್ಟು, ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ "ಫಾಸ್ಟ್ 1080ಪಿ30" ಎಂಬ ಸಿದ್ಧ ಆಯ್ಕೆಯಿಂದ ಎಚ್.264 ಪ್ರತಿಯೊಂದನ್ನು ಮಾಡಿಕೊಂಡೆ. ರಾತ್ರಿ ಮಲಗುವ ಮುನ್ನ ಶುರುಮಾಡಿದ್ದು ಬೆಳಗ್ಗೆ ಎದ್ದಾಗ ಮುಗಿದಿತ್ತು. ಬಣ್ಣ ತುಸು ಪೇಲವವಾಗಿದೆ, ಆದರೆ ಗಮಕಕ್ಕೆ ಬೇಕಾದ ಧ್ವನಿ ಸ್ಪಷ್ಟವಾಗಿದೆ, ಚಿತ್ರ ಎಲ್ಲಿಯೂ ತಡೆಯುವುದಿಲ್ಲ. ಮುಂದಿನ ವಾಚನಕ್ಕೆ ಮೊದಲು ಫೋನಿನ ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್‌ನಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಲು ತಮ್ಮನ ಮಗನಿಗೆ ಹೇಳಿದ್ದೇನೆ; "ಆಯ್ತು ಅತ್ತೆ, ಈಗಲೇ ಮಾಡ್ತೀನಿ" ಎಂದಿದ್ದಾನೆ.

ಅಂದು ಬೆಳಗ್ಗೆ ಕಾಫಿಯ ಹೊತ್ತಿಗೆ ಅಪ್ಪನನ್ನು ಮೇಜಿನ ಮುಂದೆ ಕೂರಿಸಿ ಆ ಪ್ರತಿಯನ್ನು ಹಾಕಿದೆ. ಭಾಮಿನಿ ಷಟ್ಪದಿಯ ನಾಲ್ಕನೆಯ ಪದ್ಯದಲ್ಲಿ ಮೋಹನ ರಾಗದಿಂದ ಕಾಂಬೋಜಿಗೆ ಹೊರಳುವ ಕಡೆ ಅವರು ಲೋಟ ಕೆಳಗಿಟ್ಟು, "ಅಲ್ಲಿ ನಿಲ್ಲಿಸಮ್ಮ, ಸ್ವಲ್ಪ ಹಿಂದಕ್ಕೆ ಹಾಕು" ಎಂದರು. ಎಡಬಾಣದ ಕೀಯನ್ನು ಎರಡು ಸಲ ಒತ್ತಿದೆ.